ಮರಳು ಶಿಲ್ಪವೋ, ಕಾರಂಜಿ ಕೆರೆ ದಂಡೆಯೋ?

ಮೈಸೂರಿನಲ್ಲಿ ಮಕ್ಕಳಿಗೆ ಕಲೆ, ಪರಿಸರ ಎರಡನ್ನೂ ತೋರಿಸಬೇಕು, ಆದರೆ ಇರೋದು ಅರ್ಧ ದಿನ ಅಂದರೆ ಎಲ್ಲಿಗೆ ಹೋಗೋದು?

ಚಾಮುಂಡಿ ಬೆಟ್ಟದ ರಸ್ತೆಯ ಮರಳು ಶಿಲ್ಪ ಸಂಗ್ರಹಾಲಯವನ್ನು 2014ರಲ್ಲಿ ಶುರು ಮಾಡಿದ್ದು ಕಲಾವಿದೆ ಎಂ. ಎನ್. ಗೌರಿ. ನೂರಕ್ಕೂ ಹೆಚ್ಚು ಲಾರಿ ಮರಳು ಬಳಸಿದ್ದಾರೆ. ದೊಡ್ಡ ಗಣಪ, ದಸರಾ, ಕಾಡುಪ್ರಾಣಿ ಎಲ್ಲ ಇವೆ. ಹತ್ತಿರ ನಿಂತು ನೋಡಿ, ಉಳಿ ಎಳೆದ ಗೆರೆಯಲ್ಲಿ ಒಂದೊಂದು ಕಾಳೂ ಕಾಣುತ್ತದೆ. ಕೈಕೆಲಸ ಇಷ್ಟಪಡೋರಿಗೆ ಇದೇ ಸರಿ. ಪರಿಸರದ ಪಾಠ ಮಾತ್ರ ಇಲ್ಲಿ ಕಡಿಮೆ.

ಅದು ಬೇಕಿದ್ದರೆ ಕಾರಂಜಿ ಕೆರೆ. ದಂಡೆಯಲ್ಲೇ 1995ರಿಂದ ಪ್ರಾದೇಶಿಕ ನೈಸರ್ಗಿಕ ಇತಿಹಾಸ ಸಂಗ್ರಹಾಲಯವಿದೆ. ಕಾಡು, ಪ್ರಾಣಿಗಳ ಮಾದರಿಗಳನ್ನು ನೋಡಿ ಹೊರಗೆ ಬಂದು ಕೆರೆಯ ಕಡೆ ಹೋದರೆ ಹೆಜ್ಜಾರ್ಲೆಗಳು ನಿಜವಾಗಿ ರೆಕ್ಕೆ ಒಣಗಿಸುತ್ತಾ ಕೂತಿರುತ್ತವೆ, ಒಳಗೇ ನಡೆದಾಡಬಹುದಾದ ಪಕ್ಷಿಮನೆ ಇದೆ, ಚಿಟ್ಟೆ ಉದ್ಯಾನವೂ ಇದೆ. ನಡಿಗೆ ಜಾಸ್ತಿ, ವಯಸ್ಸಾದವರಿಗೆ ಸುಸ್ತಾಗಬಹುದು.

ನೈಸರ್ಗಿಕ ಇತಿಹಾಸ ಸಂಗ್ರಹಾಲಯಕ್ಕೆ ಸೋಮವಾರ ರಜೆ, ಕೆರೆಗೆ ಮಂಗಳವಾರ. ಮಕ್ಕಳಿದ್ದರೆ ನಾನು ಕಣ್ಣುಮುಚ್ಚಿ ಕೆರೆ ಅಂತೀನಿ. ಅಜ್ಜಿ ತಾತನ ಜೊತೆ ಬೆಟ್ಟಕ್ಕೆ ಹೊರಟಿದ್ದೀರಾ? ಹಾಗಾದರೆ ದಾರಿಯಲ್ಲೇ ಸಿಗೋ ಮರಳು ಶಿಲ್ಪ ನೋಡಿ.