ಮನೆಗೇ ಬರುವ ಲೈಮ್ ಪರೀಕ್ಷಾ ಕಿಟ್: ಕಾಯಿಲೆಯ ಹೆಸರಿಗಾಗಿ ಕಾಯುತ್ತಿರುವ ಮನೆಯವರಿಗಾಗಿ ಒಂದು ವಿಮರ್ಶೆ

ಉಣುಗು ಕಚ್ಚುವುದರಿಂದ ತಗುಲುವ ಬ್ಯಾಕ್ಟೀರಿಯಾ ಸೋಂಕಾದ ಲೈಮ್ ಕಾಯಿಲೆಯನ್ನು ಪತ್ತೆಹಚ್ಚಿಕೊಡುವುದಾಗಿ ಹೇಳುವ ಒಂದು ಖಾಸಗಿ ಪ್ರಯೋಗಾಲಯದ ಸೇವೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಆನ್‌ಲೈನ್‌ನಲ್ಲಿ ಹಣ ಕಟ್ಟಿದರೆ ಕಿಟ್ ಮನೆಗೆ ಬರುತ್ತದೆ. ಬೆರಳು ಚುಚ್ಚಿ, ರಕ್ತದ ಹನಿಗಳನ್ನು ಒಂದು ಕಾರ್ಡಿನ ಮೇಲೆ ಇಳಿಸಿ, ಒಣಗಿಸಿ, ಅಂಚೆಯಲ್ಲಿ ಹಿಂದಿರುಗಿಸಬೇಕು. ವರದಿ ಇಮೇಲಿನಲ್ಲಿ ಬಂದ ಮೇಲೆ ಅವರದೇ ಸಲಹೆಗಾರರೊಬ್ಬರು ವಿಡಿಯೊ ಕರೆಯಲ್ಲಿ ಅದನ್ನು ವಿವರಿಸುತ್ತಾರೆ. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಇದೇ ಮಾದರಿಯ ಸೇವೆಗಳು ಹಲವಿದ್ದು, ಮುಂದೆ ಹೇಳುವ ಗುಣದೋಷಗಳನ್ನು ಯಾವ ಕಿಟ್ ಕೊಳ್ಳುವ ಮೊದಲೂ ವಿಚಾರಿಸಿ ನೋಡಬಹುದು.

ಕಿಟ್ ತರಿಸಿದ್ದು ನನ್ನ ತಂಗಿಗಾಗಿ. ಹಾಸಿಗೆಯಿಂದ ಏಳುವಾಗಲೇ ಸುಸ್ತು, ಇವತ್ತು ಮಂಡಿಯಲ್ಲಿದ್ದು ನಾಳೆ ಮಣಿಕಟ್ಟಿಗೆ ಹೋಗುವ ಕೀಲುನೋವು, ಅಂಗೈ ಅಂಗಾಲುಗಳಲ್ಲಿ ಜುಮುಜುಮು, ಓದುತ್ತಿದ್ದ ಸಾಲು ಕಣ್ಣೆದುರೇ ಮರೆತುಹೋಗುವಂಥ ಮಂಕು, ಆಗಾಗ ಎದೆ ಡವಗುಟ್ಟುವುದು: ಇವುಗಳಲ್ಲಿ ಒಂದೊಂದಕ್ಕೂ ಒಬ್ಬೊಬ್ಬ ತಜ್ಞರಿದ್ದರು, ಎಲ್ಲವನ್ನೂ ಸೇರಿಸಿ ನೋಡುವವರು ಯಾರೂ ಇರಲಿಲ್ಲ. ಥೈರಾಯ್ಡ್, ಬಿ12, ರಕ್ತಹೀನತೆ, ಲೂಪಸ್‌ಗೆ ಸಂಬಂಧಿಸಿದ ಪರೀಕ್ಷೆಗಳು ಎಲ್ಲವೂ ಸರಿಯಾಗಿಯೇ ಬಂದವು. ಕಾಯಿಲೆ ಶುರುವಾಗುವ ಮೊದಲು ಆಕೆ ಉಣುಗುಗಳಿಂದ ಲೈಮ್ ಹರಡುವ ಪ್ರದೇಶವೊಂದರ ಕಾಡಂಚಿನಲ್ಲಿ ಒಂದು ಬೇಸಿಗೆ ಕೆಲಸ ಮಾಡಿದ್ದಳು. ಸಂಶಯಕ್ಕೆ ಅಷ್ಟೇ ಆಧಾರ. ಉಣುಗು ಕಚ್ಚಿದ ನೆನಪಾಗಲಿ ದದ್ದು ಎದ್ದ ನೆನಪಾಗಲಿ ಆಕೆಗಿಲ್ಲ. ಆದರೆ ನೆನಪಿಲ್ಲ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ. ಸೋಂಕನ್ನು ಹೆಚ್ಚಾಗಿ ದಾಟಿಸುವ ಎಳೆಯ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. ಹರಡುವ ಕೆಂಪು ದದ್ದು ರೋಗಿಗಳಲ್ಲಿ ಸುಮಾರು ಶೇಕಡಾ 70ರಿಂದ 80 ಮಂದಿಗೆ ಮಾತ್ರ ಕಾಣಿಸುತ್ತದೆ. ಕಾಣಿಸಿಕೊಂಡರೂ ಅದು ಸಾಮಾನ್ಯವಾಗಿ ಹೆಚ್ಚು ತುರಿಸುವುದಿಲ್ಲ, ನೋಯುವುದಿಲ್ಲ. ಮಂಡಿಯ ಹಿಂದೆಯೋ ಕೂದಲ ಮರೆಯಲ್ಲೋ ಎದ್ದು ತಾನಾಗಿಯೇ ಮಾಯವಾದರೆ ಯಾರಿಗೂ ತಿಳಿಯುವುದಿಲ್ಲ.

ಪೆಟ್ಟಿಗೆಯ ಬಗ್ಗೆ ಹೇಳುವುದಾದರೆ, ಅದನ್ನು ರೂಪಿಸಿದವರು ರೋಗಿಯ ಕಷ್ಟವನ್ನು ಅರ್ಧ ಮಾತ್ರ ಊಹಿಸಿದ್ದಾರೆ. ಸೂಚನೆಗಳು ಸ್ಪಷ್ಟವಾಗಿವೆ, ಅಕ್ಷರಗಳು ದೊಡ್ಡದಾಗಿವೆ, ಕೈಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿಟ್ಟುಕೊಳ್ಳಿ ಎಂಬ ಸಲಹೆ ನಿಜಕ್ಕೂ ಉಪಯುಕ್ತ. ಆದರೆ ಕಾರ್ಡಿನ ಮೇಲೆ ಮುದ್ರಿಸಿದ ವೃತ್ತಗಳನ್ನು ಒಂದೊಂದೇ ದೊಡ್ಡ ಹನಿಯಿಂದ ತುಂಬಬೇಕು. ಬೆರಳನ್ನು ಹಿಂಡಬಾರದು, ಹಿಂಡಿದರೆ ಚರ್ಮದಡಿಯ ದ್ರವ ರಕ್ತದಲ್ಲಿ ಬೆರೆತು ಮಾದರಿ ತೆಳುವಾಗುತ್ತದೆ. ಬೆರಳುಗಳು ತಣ್ಣಗಿದ್ದು ನಡುಗುವವರಿಗೆ ಇದು ಸುಲಭದ ಕೆಲಸವಲ್ಲ. ತಂಗಿಯ ಮಣಿಕಟ್ಟನ್ನು ನಾನು ಹಿಡಿದುಕೊಂಡೆ, ಆಕೆ ಬೆರಳನ್ನು ಕೆಳಮುಖವಾಗಿ ಇಳಿಬಿಟ್ಟಳು, ಕೊನೆಯ ವೃತ್ತ ಅಂಚಿನವರೆಗೆ ತುಂಬಲೇ ಇಲ್ಲ. ಜೊತೆಗೆ ಇನ್ನೊಬ್ಬರು ಇರಲೇಬೇಕು ಎಂಬ ಮಾತನ್ನು ಸೂಚನೆಯಲ್ಲಿ ಎಲ್ಲಿಯೂ ಬರೆದಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಪೆಟ್ಟಿಗೆಯೊಳಗಿನ ಪ್ರಶ್ನಾವಳಿಯಲ್ಲಿದೆ. ಎದೆ ಬಡಿತ ಏರುಪೇರಾಗುತ್ತದೆಯೇ, ತಲೆ ತಿರುಗುತ್ತದೆಯೇ, ಮೂರ್ಛೆ ಬಂದಿದೆಯೇ ಎಂದು ಕೇಳುತ್ತಾರೆ. ಹೌದು ಎಂದು ಗುರುತು ಹಾಕಿದವರು ಮುಂದೇನು ಮಾಡಬೇಕೆಂದು ಹೇಳುವುದಿಲ್ಲ. ಲೈಮ್ ಸೋಂಕು ಅಪರೂಪಕ್ಕೆ ಹೃದಯದ ವಿದ್ಯುತ್ ಸಂಚಾರಕ್ಕೆ ಅಡ್ಡಿಯಾಗಬಲ್ಲದು, ಅದು ಪ್ರಾಣಾಪಾಯಕ್ಕೂ ತಿರುಗಬಲ್ಲದು. ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಸಾಮಾನ್ಯವಾಗಿ ಗುಣವಾಗುತ್ತದೆ. ಇಂಥ ಲಕ್ಷಣ ಇರುವವರು ಅಂಚೆಯ ವರದಿಗಾಗಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ಈ ಒಂದು ವಾಕ್ಯವನ್ನು ಮುಚ್ಚಳದ ಮೇಲೆ ಅಚ್ಚು ಹಾಕಿಸಲು ಕಂಪನಿಗೆ ಏನೂ ಖರ್ಚಾಗುತ್ತಿರಲಿಲ್ಲ.

ಇನ್ನು ವರದಿ. ಲೈಮ್‌ನ ರಕ್ತಪರೀಕ್ಷೆ ಬೊರೇಲಿಯಾ ಎಂಬ ರೋಗಾಣುವನ್ನು ಹುಡುಕುವುದಿಲ್ಲ. ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಒಪ್ಪಿತ ವಿಧಾನದಲ್ಲಿ ಎರಡು ಹಂತಗಳಿವೆ. ಮೊದಲು ಎಲೈಸಾ ಮಾದರಿಯ ಪರೀಕ್ಷೆ. ಅದು ಪಾಸಿಟಿವ್ ಅಥವಾ ಅನಿಶ್ಚಿತ ಎಂದು ಬಂದರೆ ಮಾತ್ರ ಎರಡನೆಯದಾಗಿ ವೆಸ್ಟರ್ನ್ ಬ್ಲಾಟ್, ಅಥವಾ 2019ರಿಂದ ಅಮೆರಿಕದಲ್ಲಿ ಅನುಮತಿ ಪಡೆದಿರುವ ಪರಿಷ್ಕೃತ ಕ್ರಮದಂತೆ ಬೇರೊಂದು ಎಲೈಸಾ. ಬ್ಲಾಟ್‌ನಲ್ಲಿ ರೋಗಾಣುವಿನ ಒಂದೊಂದು ಪ್ರೋಟೀನಿಗೆ ಅಂಟಿದ ಪ್ರತಿಕಾಯ ಒಂದೊಂದು ಅಡ್ಡಗೆರೆಯಾಗಿ, ಅಂದರೆ ಪಟ್ಟಿಯಾಗಿ ಮೂಡುತ್ತದೆ. ಸೋಂಕಿನ ಆರಂಭದಲ್ಲಿ ಹುಟ್ಟುವ ಪ್ರತಿಕಾಯವಾದ ಐಜಿಎಂ ಪಾಸಿಟಿವ್ ಎನ್ನಲು ನಿಗದಿತ ಮೂರು ಪಟ್ಟಿಗಳಲ್ಲಿ ಎರಡಾದರೂ, ನಂತರ ಹುಟ್ಟುವ ಐಜಿಜಿ ಪಾಸಿಟಿವ್ ಎನ್ನಲು ಹತ್ತರಲ್ಲಿ ಐದಾದರೂ ಮೂಡಬೇಕು. ಕಾಯಿಲೆ ಶುರುವಾಗಿ ಸುಮಾರು 30 ದಿನ ಕಳೆದ ಮೇಲೆ ಐಜಿಎಂ ಒಂದನ್ನೇ ನೆಚ್ಚಿ ತೀರ್ಮಾನಿಸುವಂತಿಲ್ಲ. ನಮಗೆ ಬಂದ ವರದಿಯಲ್ಲಿ ಐಜಿಎಂನ ಸಾಲಿನಲ್ಲಿ ‘41’ ಎಂದು ಗುರುತಿಸುವ ಪಟ್ಟಿ (ಅಂಕಿ ಪ್ರೋಟೀನಿನ ತೂಕದ್ದು), ಜೊತೆಗೆ ಆ ಮೂರರ ಗುಂಪಿಗೆ ಸೇರದ ಇನ್ನೊಂದು ಮಸುಕು ಪಟ್ಟಿ; ಕೆಳಗೆ ಕೆಂಪು ಚೌಕದೊಳಗೆ ದಪ್ಪಕ್ಷರದಲ್ಲಿ ‘ಪಾಸಿಟಿವ್’. ಈ ತೀರ್ಮಾನ ಪ್ರಯೋಗಾಲಯದ ಸ್ವಂತ ಮಾನದಂಡದ ಪ್ರಕಾರ ಎಂಬ ಮಾತು ಕೊನೆಯ ಪುಟದ ಸಣ್ಣಕ್ಷರಗಳಲ್ಲಿತ್ತು. ‘41’ರ ಪಟ್ಟಿ ರೋಗಾಣುವಿನ ಬಾಲದಂಥ ದಾರದಲ್ಲಿರುವ ಪ್ರೋಟೀನಿಗೆ ಸಂಬಂಧಿಸಿದ್ದು. ಅಂಥ ಪ್ರೋಟೀನು ಬೇರೆ ಅನೇಕ ಬ್ಯಾಕ್ಟೀರಿಯಾಗಳಲ್ಲೂ ಇರುವುದರಿಂದ ಲೈಮ್ ಸೋಂಕೇ ತಗುಲದ ಆರೋಗ್ಯವಂತರಲ್ಲೂ ಈ ಪಟ್ಟಿ ಆಗಾಗ ಮೂಡುತ್ತದೆ. ಕಾಯಿಲೆ ತಿಂಗಳುಗಳಷ್ಟು ಹಳೆಯದಾಗಿದ್ದ ನನ್ನ ತಂಗಿಯ ವಿಷಯದಲ್ಲಿ ಬೆಲೆಯಿದ್ದದ್ದು ಐಜಿಜಿಗೆ. ಆ ಸಾಲು ಖಾಲಿಯಾಗಿತ್ತು.

ಆದರೂ ಆ ಕೆಂಪು ಚೌಕವನ್ನು ಓದಿದ ಕೂಡಲೇ ತಂಗಿ ಅಂದದ್ದು, ‘ಅಕ್ಕಾ, ಕೊನೆಗೂ ನನ್ನನ್ನು ಯಾರೋ ನಂಬಿದರಲ್ಲ.’ ಈ ಸೇವೆ ನಿಜವಾಗಿ ಏನನ್ನು ಮಾರುತ್ತದೆ ಎಂಬುದು ನನಗೆ ತಿಳಿದದ್ದು ಆಗ. ಸಲಹೆಗಾರರ ಕರೆ ಅದನ್ನು ಇನ್ನಷ್ಟು ಖಚಿತಪಡಿಸಿತು. ಯಾವ ಹೊರರೋಗಿ ವಿಭಾಗದಲ್ಲೂ ಸಿಗದಷ್ಟು ಹೊತ್ತು ಆ ಸಲಹೆಗಾರರು ಕೇಳಿಸಿಕೊಂಡರು, ಮಧ್ಯೆ ಬಾಯಿ ಹಾಕಲಿಲ್ಲ, ‘ಟೆನ್ಷನ್ ಮಾಡ್ಕೋಬೇಡಿ’ ಎಂದು ತೇಲಿಸಿಬಿಡಲಿಲ್ಲ. ವೈದ್ಯಕೀಯವಾಗಿ ಇಷ್ಟು ದುರ್ಬಲವಾದ ಸೇವೆಯೊಂದು ಮನುಷ್ಯರ ಮಟ್ಟದಲ್ಲಿ ಇಷ್ಟು ಚೆನ್ನಾಗಿ ನಡೆಯುವುದು ಒಂದು ವಿಚಿತ್ರ. ನಮ್ಮ ಆಸ್ಪತ್ರೆಗಳ ಪಾಲಿಗೆ ಸ್ವಲ್ಪ ನಾಚಿಕೆಯ ವಿಷಯ ಕೂಡ. ಈ ಒಂದು ಅಂಶಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ತೊಂದರೆ ಬಂದದ್ದು ಅದೇ ಕರೆಯ ಕೊನೆಯ ಭಾಗದಲ್ಲಿ. ತಿಂಗಳುಗಟ್ಟಲೆ ನಡೆಯುವ ಆ್ಯಂಟಿಬಯೋಟಿಕ್ ಚಿಕಿತ್ಸೆ ಬರೆದುಕೊಡುವ ವೈದ್ಯರ ಪಟ್ಟಿ, ಅವರದೇ ಮಳಿಗೆಯ ಗಿಡಮೂಲಿಕೆ ಕ್ಯಾಪ್ಸೂಲ್‌ಗಳು, ಇಷ್ಟು ಸಾಲದೆಂಬಂತೆ ಮನೆಮಂದಿಗೆಲ್ಲ ರಿಯಾಯಿತಿಯ ಪರೀಕ್ಷಾ ಪ್ಯಾಕ್ ಎಲ್ಲವೂ ಒಂದರ ಹಿಂದೆ ಒಂದು ಬಂದವು. ಈ ಕೊನೆಯದಕ್ಕೆ ಯಾವ ಆಧಾರವೂ ಇಲ್ಲ: ಮುಟ್ಟುವುದರಿಂದಾಗಲಿ ಮುತ್ತಿಡುವುದರಿಂದಾಗಲಿ ಒಟ್ಟಿಗೆ ಬಾಳುವುದರಿಂದಾಗಲಿ ಲೈಮ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ದೀರ್ಘ ಆ್ಯಂಟಿಬಯೋಟಿಕ್ ಚಿಕಿತ್ಸೆಯನ್ನು ಚೆನ್ನಾಗಿಯೇ ಪರೀಕ್ಷಿಸಿ ನೋಡಲಾಗಿದೆ. ಲೈಮ್‌ಗೆ ಚಿಕಿತ್ಸೆ ಪಡೆದ ಮೇಲೂ ನೋವು, ಸುಸ್ತು ಉಳಿದಿದ್ದವರಿಗೆ 30 ದಿನ ರಕ್ತನಾಳದ ಮೂಲಕ, ನಂತರ 60 ದಿನ ಮಾತ್ರೆಯಾಗಿ ಔಷಧ ಕೊಟ್ಟ ಅಮೆರಿಕದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಎರಡು ವಾರದ ಚುಚ್ಚುಮದ್ದಿನ ಮೇಲೆ ಹನ್ನೆರಡು ವಾರ ಮಾತ್ರೆ ಕೊಟ್ಟ ನೆದರ್ಲೆಂಡ್ಸ್‌ನ ಅಧ್ಯಯನ 2016ರಲ್ಲಿ ಬಂದಿತು. ಹುಸಿಮಾತ್ರೆ ಪಡೆದವರಿಗಿಂತ ಹೆಚ್ಚಿನ ಪ್ರಯೋಜನ ಎರಡರಲ್ಲೂ ಕಾಣಲಿಲ್ಲ. ತಿಂಗಳುಗಟ್ಟಲೆ ರಕ್ತನಾಳದಲ್ಲಿ ನಳಿಕೆ ಇರಿಸಿಕೊಂಡವರಲ್ಲಿ ಗಂಭೀರ ಸೋಂಕುಗಳಾದದ್ದೂ ಸಾವುಗಳಾದದ್ದೂ ವರದಿಯಾಗಿವೆ. ಹಾಗೆಂದು ಆ ರೋಗಿಗಳ ನೋವು ಸುಳ್ಳಲ್ಲ. ಸರಿಯಾದ ಚಿಕಿತ್ಸೆಯ ನಂತರವೂ ಶೇಕಡಾ 5ರಿಂದ 10 ಮಂದಿಗೆ ಆಯಾಸ, ಮೈಕೈ ನೋವು, ಮಂಕು ತಿಂಗಳುಗಳ ಕಾಲ ಉಳಿಯುತ್ತವೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಹೇಳುತ್ತದೆ. ಸಲಹೆಗಾರರು ನೋವು ಉಳಿಯುತ್ತದೆ ಎಂಬ ಅರ್ಧವನ್ನಷ್ಟೇ ಹೇಳಿ, ದೀರ್ಘ ಔಷಧದಿಂದ ಪ್ರಯೋಜನ ಕಾಣಲಿಲ್ಲ ಎಂಬ ಉಳಿದರ್ಧದ ಜಾಗದಲ್ಲಿ ಕ್ಯಾಪ್ಸೂಲ್ ಇಟ್ಟರು.

ನಾವು ವರದಿಯನ್ನು ಸೋಂಕುರೋಗ ತಜ್ಞರಿಗೆ ತೋರಿಸಿದೆವು. ಅವರು ಅದನ್ನು ಪಕ್ಕಕ್ಕೆ ತಳ್ಳಲಿಲ್ಲ, ಪಟ್ಟಿಗಳನ್ನು ಒಂದೊಂದಾಗಿ ಬೆರಳಿಟ್ಟು ವಿವರಿಸಿದರು. ತೋಳಿನ ರಕ್ತನಾಳದಿಂದ ರಕ್ತ ತೆಗೆಸಿ ಎರಡು ಹಂತದ ಪರೀಕ್ಷೆಗೆ ಕಳಿಸಿದರು. ಅದು ನೆಗೆಟಿವ್ ಬಂತು. ಸೋಂಕು ತಗುಲಿದ ಮೊದಲ ವಾರಗಳಲ್ಲಿ ನೆಗೆಟಿವ್ ಎಂಬುದಕ್ಕೆ ಹೆಚ್ಚು ಅರ್ಥವಿಲ್ಲ, ಆಗ ಪ್ರತಿಕಾಯಗಳಿನ್ನೂ ಸಾಕಷ್ಟು ಹುಟ್ಟಿರುವುದಿಲ್ಲ. ಆದರೆ ಚಿಕಿತ್ಸೆ ಪಡೆಯದೆ ತಿಂಗಳುಗಳು ಕಳೆದ ಮೇಲೂ ಐಜಿಜಿ ಮೂಡದಿದ್ದರೆ ಲೈಮ್‌ನ ಸಾಧ್ಯತೆ ಬಹಳ ಕಡಿಮೆ ಎಂದು ಅವರು ಹೇಳಿದರು. ಆ ಮೇಲೆ ‘ಇದು ಲೈಮ್ ಅಲ್ಲ ಅಂತ ಹೇಳ್ತಿದ್ದೀನಿ, ನಿಮಗೆ ಏನೂ ಆಗಿಲ್ಲ ಅಂತ ಹೇಳ್ತಿಲ್ಲ’ ಎಂದರು. ಕೆಂಪು ಚೌಕ ಸುಳ್ಳಾದರೆ ತಂಗಿಯಿಂದ ಹೊರಟುಹೋಗಬಹುದೆಂದು ನಾನು ಹೆದರಿದ್ದ ಧೈರ್ಯ ಆ ಮಾತಿನಿಂದ ಉಳಿಯಿತು.

ಕಾಯಿಲೆಯವರ ಜೊತೆ ನಿಲ್ಲುವವರು ಕಿಟ್‌ನಿಂದ ಎರವಲು ಪಡೆಯಬಹುದಾದ ಸಂಗತಿಯೂ ಒಂದಿದೆ. ಪ್ರಶ್ನಾವಳಿ ತುಂಬುವ ನೆಪದಲ್ಲಿ ನಾವು ಮೊದಲ ಬಾರಿಗೆ ಎಲ್ಲವನ್ನೂ ಕಾಲಕ್ರಮದಲ್ಲಿ ಬರೆದೆವು: ಯಾವ ಲಕ್ಷಣ ಯಾವ ತಿಂಗಳು ಶುರುವಾಯಿತು, ಯಾವ ಔಷಧದ ನಂತರ ಹೆಚ್ಚಿತು, ಊದಿಕೊಂಡ ಮಂಡಿಯ ಫೋಟೊ ಯಾವ ದಿನದ್ದು. ಆ ಹಾಳೆ ನಂತರದ ಪ್ರತಿ ವೈದ್ಯರ ಮೇಜಿನ ಮೇಲೂ ವರದಿಗಿಂತ ಹೆಚ್ಚು ಕೆಲಸಕ್ಕೆ ಬಂತು. ಲೈಮ್ ಕಾಯಿಲೆ ಲೋಕಕ್ಕೆ ತಿಳಿದದ್ದು ಇಂಥ ಬರಹದಿಂದಲೇ. ಅಮೆರಿಕದ ಕನೆಕ್ಟಿಕಟ್‌ನ ಲೈಮ್ ಎಂಬ ಊರಿನ ಪಾಲಿ ಮರ್ರೆ ತನ್ನ ಮತ್ತು ಮನೆಯವರ ದದ್ದು, ಜ್ವರ, ಗಂಟುನೋವುಗಳನ್ನು ವರ್ಷಗಟ್ಟಲೆ ಟಿಪ್ಪಣಿ ಮಾಡಿಕೊಳ್ಳುತ್ತ ಬಂದಿದ್ದರು. ಎಲ್ಲವೂ ಮನಸ್ಸಿನದೇ ಎಂದ ವೈದ್ಯರನ್ನೂ ಅವರು ಕಂಡವರು. 1975ರಲ್ಲಿ ಅವರೂ ಇನ್ನೊಬ್ಬ ತಾಯಿಯೂ ಆರೋಗ್ಯ ಇಲಾಖೆಗೆ ದೂರು ಕೊಂಡೊಯ್ದ ಮೇಲೆ ಯೇಲ್ ವಿಶ್ವವಿದ್ಯಾಲಯದ ಆಲನ್ ಸ್ಟೀರ್ ತನಿಖೆ ಕೈಗೊಂಡರು. ವಿಲಿ ಬರ್ಗ್‌ಡಾರ್ಫರ್ ಮತ್ತು ಸಂಗಡಿಗರು ಉಣುಗಿನಲ್ಲಿ ಕಂಡ ರೋಗಾಣುವಿನ ವಿವರ 1982ರಲ್ಲಿ ಪ್ರಕಟವಾಯಿತು. ಮರ್ರೆಯವರ ಟಿಪ್ಪಣಿಯಲ್ಲಿ ಕಾಯಿಲೆಗೆ ಹೆಸರಿರಲಿಲ್ಲ, ದಿನಾಂಕಗಳಿದ್ದವು. ಮನೆಯವರು ಬರೆಯುವಾಗ ಇದನ್ನು ಗಮನಿಸುವುದು ಒಳ್ಳೆಯದು: ‘ಲೈಮ್‌ನ ನೋವು’ ಎಂದು ಬರೆದರೆ ಓದುವ ವೈದ್ಯರು ಹಿಂದೆ ಸರಿಯುತ್ತಾರೆ, ‘ಎಡ ಮಂಡಿ, ಬೆಳಿಗ್ಗೆ ಒಂದು ಗಂಟೆ ಮಡಚಲಾಗಲಿಲ್ಲ’ ಎಂದು ಬರೆದರೆ ಮುಂದಿನ ಪ್ರಶ್ನೆ ಕೇಳುತ್ತಾರೆ.

ಹಾಗಾದರೆ ಕಿಟ್ ಯಾರಿಗೆ ಉಪಯೋಗ? ಉಣುಗಿರುವ ಪ್ರದೇಶದಲ್ಲಿದ್ದು, ಹರಡುವ ಕೆಂಪು ದದ್ದು ಎದ್ದವರಿಗೆ ಅಲ್ಲ. ಅವರಿಗೆ ರಕ್ತಪರೀಕ್ಷೆಯೇ ಬೇಕಿಲ್ಲ, ವೈದ್ಯರು ದದ್ದನ್ನು ನೋಡಿಯೇ ಡಾಕ್ಸಿಸೈಕ್ಲಿನ್‌ನಂಥ ಔಷಧವನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಿಗೆ ಬರೆಯುತ್ತಾರೆ, ತಡಮಾಡಿದಷ್ಟೂ ನಷ್ಟ. ನಿನ್ನೆ ಮೊನ್ನೆ ಉಣುಗು ಕಚ್ಚಿದವರಿಗೂ ಅಲ್ಲ. ಪ್ರತಿಕಾಯಗಳು ಹುಟ್ಟಲು ವಾರಗಳು ಬೇಕು. ಮುಖದ ಒಂದು ಪಕ್ಕ ಸೋತವರು, ಮಂಡಿ ಬಾತವರು, ಎದೆ ಬಡಿತ ತಪ್ಪುತ್ತಿರುವವರು ನೇರವಾಗಿ ಆಸ್ಪತ್ರೆಗೆ ಹೋಗಬೇಕಾದವರು. ಉಣುಗಿನ ಪ್ರದೇಶಕ್ಕೆ ಕಾಲೇ ಇಡದೆ ಬರಿಯ ಸುಸ್ತಿನಿಂದ ಬಳಲುತ್ತಿರುವವರಲ್ಲಿ ಪಾಸಿಟಿವ್ ಬಂದರೂ ಅದು ಸುಳ್ಳು ಪಾಸಿಟಿವ್ ಆಗಿರುವ ಸಂಭವವೇ ಹೆಚ್ಚು. ಉಳಿಯುವವರು ನನ್ನ ತಂಗಿಯಂಥವರು, ಸಂಶಯಕ್ಕೆ ಆಧಾರವಿದ್ದು ಕಾಯಿಲೆ ಹಳೆಯದಾದವರು. ಅವರಿಗೂ ಪ್ರಮಾಣಿತ ಎರಡು ಹಂತದ ಪರೀಕ್ಷೆ ವೈದ್ಯರ ಚೀಟಿಯ ಮೂಲಕವೇ ಸಿಗುತ್ತದೆ.

ಪೆಟ್ಟಿಗೆ ಮತ್ತು ಸೂಚನೆಗೆ ಐದರಲ್ಲಿ ಮೂರು, ಕೇಳಿಸಿಕೊಂಡ ರೀತಿಗೆ ಐದು, ವರದಿಗೆ ಒಂದು, ಕರೆಯ ಕೊನೆಯ ಮಾರಾಟಕ್ಕೆ ಸೊನ್ನೆ. ಆದರೂ ತರಿಸಲೇಬೇಕೆಂದು ಕಾಯಿಲೆಯವರು ಹಟ ಹಿಡಿದರೆ ಅವರೊಂದಿಗೆ ಜಗಳವಾಡಬೇಡಿ. ಯಾವ ಮಾನದಂಡದ ಪ್ರಕಾರ ಪಾಸಿಟಿವ್ ಎನ್ನುತ್ತೀರಿ, ಪಟ್ಟಿಗಳ ವಿವರ ಕೊಡುತ್ತೀರಾ, ಸಲಹೆಗಾರರು ನೋಂದಾಯಿತ ವೈದ್ಯರೇ ಎಂದು ಹಣ ಕಟ್ಟುವ ಮೊದಲೇ ಕಂಪನಿಯನ್ನು ಲಿಖಿತವಾಗಿ ಕೇಳಿ, ಉತ್ತರವನ್ನು ಅವರಿಗೇ ಓದಲು ಕೊಡಿ. ಸಮ್ಮತಿಪತ್ರದಲ್ಲಿ ಉಳಿದ ರಕ್ತವನ್ನು ಸಂಶೋಧನೆಗೆ ಬಳಸಲು ಒಪ್ಪಿಗೆ ಕೇಳುವ ಚೌಕಕ್ಕೆ ಮೊದಲೇ ಗುರುತು ಹಾಕಿರುತ್ತಾರೆ, ಅದನ್ನೂ ನೋಡಿಕೊಳ್ಳಿ. ತಂಗಿಯ ಕಾಯಿಲೆಗೆ ಇನ್ನೂ ಹೆಸರು ಸಿಕ್ಕಿಲ್ಲ. ಸಂಧಿವಾತ ತಜ್ಞರು ಆಕೆಯನ್ನು ನಿಯಮಿತವಾಗಿ ನೋಡುತ್ತಿದ್ದಾರೆ, ನಿದ್ರೆಯ ಪರೀಕ್ಷೆಯೊಂದು ಬಾಕಿಯಿದೆ, ಕಾಲಕ್ರಮದ ಹಾಳೆಯನ್ನು ಈಗ ಆಕೆಯೇ ಬರೆಯುತ್ತಿದ್ದಾಳೆ.