ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರ: ಓದುವವರಿಗೆ ನನ್ನ ಶಿಫಾರಸು

ಓದುವ ಅಭ್ಯಾಸವಿರುವ ಕನ್ನಡಿಗರು ವರ್ಷದ ರಜೆಯಲ್ಲಿ ಐದಾರು ದಿನಗಳನ್ನು ನೀನಾಸಮ್ ಸಂಸ್ಕೃತಿ ಶಿಬಿರಕ್ಕೆಂದು ಎತ್ತಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ದಾವಣಗೆರೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡುವವಳು. ಸಾಹಿತ್ಯದಲ್ಲಿ ಪದವಿ ಪಡೆದವಳಲ್ಲ, ಕಥೆ ಕವನ ಬರೆಯುವವಳೂ ಅಲ್ಲ. ರಾತ್ರಿ ಅಡುಗೆಮನೆ ಒರೆಸಿ ದೀಪ ಆರಿಸಿದ ಮೇಲೆ ಪುಸ್ತಕ ಹಿಡಿದು ಕೂರುವುದು ನನ್ನ ರೂಢಿ. ಓದಿದ್ದರ ಬಗ್ಗೆ ಮಾತನಾಡಲು ಮನೆಯಲ್ಲೂ ಯಾರಿಲ್ಲ, ಕಚೇರಿಯಲ್ಲೂ ಯಾರಿಲ್ಲ. ಒಳ್ಳೆಯ ಕಾದಂಬರಿಯೊಂದನ್ನು ಮುಗಿಸಿದ ಮರುದಿನ ಬಾಯಿ ಮುಚ್ಚಿಕೊಂಡು ವೋಚರು ತಿದ್ದುತ್ತಾ ಕೂರುವ ಕಷ್ಟ ಓದುವವರಿಗೆಲ್ಲ ಗೊತ್ತು. ಹೆಗ್ಗೋಡಿಗೆ ಹೋದಾಗ ಆ ಕಷ್ಟ ನೀಗಿತು.

ಹೆಗ್ಗೋಡು ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಏಳೆಂಟು ಕಿಲೋಮೀಟರ್ ದೂರದಲ್ಲಿರುವ ಅಡಿಕೆ ತೋಟಗಳ ಊರು. ಊರಿನವರು ತಮ್ಮ ಸಂತೋಷಕ್ಕಾಗಿ ನಾಟಕವಾಡಲು 1949ರಲ್ಲಿ ಕಟ್ಟಿಕೊಂಡ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ಇಂದಿನ ನೀನಾಸಮ್. ಊರಿನವರೇ ಆದ ಕೆ.ವಿ. ಸುಬ್ಬಣ್ಣನವರು ಅದನ್ನು ಬೆಳೆಸಿದರು. 1973ರಲ್ಲಿ ಚಿತ್ರಸಮಾಜ ಶುರುವಾಗಿ ಜಗತ್ತಿನ ದೊಡ್ಡ ನಿರ್ದೇಶಕರ ಸಿನಿಮಾಗಳು ಹಳ್ಳಿಯ ಜನರ ಮುಂದೆ ಬಂದವು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಿ ನಾಟಕವಾಡುವ ತಿರುಗಾಟ ಆರಂಭವಾದವು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇದನ್ನೆಲ್ಲ ಹೇಳಲು ಕಾರಣವಿದೆ. ನಗರಗಳಲ್ಲಿ ನಡೆಯುವ ಸಾಹಿತ್ಯ ಉತ್ಸವಗಳಿಗೂ ನಾನು ಹೋಗಿದ್ದೇನೆ. ಅಲ್ಲಿ ವೇದಿಕೆಯ ಮೇಲಿರುವವರು ಬೇರೆ, ಕೆಳಗೆ ಕುಳಿತವರು ಬೇರೆ. ಹೆಗ್ಗೋಡಿನಲ್ಲಿ ಕೆಳಗೆ ಕುಳಿತವರು ಹಲವು ತಲೆಮಾರುಗಳಿಂದ ನಾಟಕ, ಸಿನಿಮಾ, ಉಪನ್ಯಾಸಗಳನ್ನು ಕಂಡು ಪಳಗಿದವರು. ತೋಟದ ಕೆಲಸ ಮುಗಿಸಿ ಬರುವ ಊರಿನವರ ಪಕ್ಕದಲ್ಲಿ ನಾವೂ ಹೋಗಿ ಕೂರುತ್ತೇವೆ. ಇಡೀ ಶಿಬಿರದ ಹದವನ್ನು ತೀರ್ಮಾನಿಸುವುದು ಇದೇ.

ಶಿಬಿರ ಸಾಮಾನ್ಯವಾಗಿ ದಸರೆಯ ಆಸುಪಾಸಿನಲ್ಲಿ, ಅಕ್ಟೋಬರ್‌ನಲ್ಲಿ ನಡೆಯುತ್ತದೆ. ಹಗಲೆಲ್ಲ ಗೋಷ್ಠಿಗಳು: ಉಪನ್ಯಾಸ, ಕಾವ್ಯವಾಚನ, ಸಂವಾದ. ಸಂಜೆ ಶಿವರಾಮ ಕಾರಂತ ರಂಗಮಂದಿರದಲ್ಲಿ ನಾಟಕ. ಆ ವರ್ಷ ತಿರುಗಾಟಕ್ಕೆ ಹೊರಡಲಿರುವ ನಾಟಕಗಳನ್ನು ನೋಡುವ ಅವಕಾಶ ಶಿಬಿರಾರ್ಥಿಗಳಿಗೆ ಸಿಗುತ್ತದೆ. ಮರುದಿನ ಬೆಳಿಗ್ಗೆ, ಹಿಂದಿನ ಸಂಜೆ ನೋಡಿದ ನಾಟಕದ ಚರ್ಚೆ. ನನ್ನನ್ನು ಕೇಳಿದರೆ ಶಿಬಿರದ ಜೀವ ಇರುವುದು ಈ ಬೆಳಗಿನ ಚರ್ಚೆಯಲ್ಲೇ. ಬೇರೆ ಯಾವುದನ್ನು ತಪ್ಪಿಸಿಕೊಂಡರೂ ಇದನ್ನು ತಪ್ಪಿಸಿಕೊಳ್ಳಬೇಡಿ.

ಒಂದು ಬೆಳಗಿನ ಮಾತನ್ನು ಹೇಳುತ್ತೇನೆ. ಹಿಂದಿನ ಸಂಜೆಯ ನಾಟಕದಲ್ಲಿ, ಬಹಳ ವರ್ಷ ಊರು ಬಿಟ್ಟಿದ್ದ ಮಗ ಮನೆಗೆ ಮರಳುತ್ತಾನೆ. ಕೊನೆಯಲ್ಲಿ ಮನೆಯವರು ಅವನನ್ನು ಹೊರಗೆ ಕಳಿಸುತ್ತಾರೆ. ಆ ಅಂತ್ಯ ಏಕಾಏಕಿ ಬಂದಂತಿದೆ, ಅದಕ್ಕೆ ಮೊದಲೇ ಸಿದ್ಧತೆ ಬೇಕಿತ್ತು ಎಂದು ಒಬ್ಬ ವಿದ್ಯಾರ್ಥಿ ಚೆನ್ನಾಗಿಯೇ ವಾದಿಸಿದ. ಹಲವರು ತಲೆಯಾಡಿಸಿದರು, ನಾನೂ ಆಡಿಸಿದೆ. ಆಗ ಹಿಂದಿನ ಸಾಲಿನಿಂದ, ಪಕ್ಕದ ಹಳ್ಳಿಯವರೆಂದು ಆಮೇಲೆ ತಿಳಿಯಿತು, ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. ಮೈಕು ಕೈಗೆ ತೆಗೆದುಕೊಳ್ಳಲಿಲ್ಲ. “ಬಂದಾಗಿನಿಂದ ಆ ಹುಡುಗನಿಗೆ ಯಾರೂ ಒಂದು ಲೋಟ ನೀರು ಕೊಡಲಿಲ್ಲ. ಕೈಕಾಲು ತೊಳೆದುಕೋ ಎಂದೂ ಹೇಳಲಿಲ್ಲ. ಇವನನ್ನು ಇವರು ಇಟ್ಟುಕೊಳ್ಳುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು” ಎಂದು ಹೇಳಿ ಕುಳಿತರು. ಇಡೀ ಸಭೆ ನಾಟಕವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಮೊದಲಿನಿಂದ ನೋಡಿತು. ಹೌದು, ರಂಗದ ಎಡಬದಿಯಲ್ಲಿ ತಾಮ್ರದ ಹಂಡೆ ಇತ್ತು, ತಂಬಿಗೆ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಆ ವಿದ್ಯಾರ್ಥಿ ಮತ್ತೆ ಎದ್ದು, ನಾನು ಸಂಭಾಷಣೆಯನ್ನಷ್ಟೇ ಕೇಳಿಸಿಕೊಂಡಿದ್ದೆ ಅಮ್ಮಾ ಎಂದ. ಅಲ್ಲಿಂದ ಮುಂದಿನ ಅರ್ಧ ಗಂಟೆ ನಡೆದ ಮಾತಿನಂಥದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಆ ಹಂಡೆಯನ್ನು ಅಲ್ಲಿಟ್ಟದ್ದು ಯಾರು, ಬೇಕೆಂದೇ ಇಟ್ಟರೇ, ನಟರಿಗೆ ಅದು ತಿಳಿದಿತ್ತೇ ಎಂದೆಲ್ಲ ಪ್ರಶ್ನೆಗಳು ಬಂದವು.

ಅಂದಿನಿಂದ ನಾನು ಕಾದಂಬರಿ ಓದುವ ಬಗೆಯೇ ಬದಲಾಗಿದೆ. ಪಾತ್ರಗಳು ಏನನ್ನುತ್ತವೆ ಎಂಬುದರ ಜೊತೆಗೆ ಯಾರು ಯಾರಿಗೆ ಬಡಿಸುತ್ತಾರೆ, ಯಾರು ನಿಂತೇ ಇರುತ್ತಾರೆ, ಯಾರಿಗೆ ಕೂರಲು ಹೇಳುವುದಿಲ್ಲ ಎಂಬುದನ್ನೂ ಗಮನಿಸುತ್ತೇನೆ. ಹಿಂದೆ ಓದಿ ಕಪಾಟಿಗೆ ಸೇರಿಸಿದ್ದ ಎಷ್ಟೋ ಪುಸ್ತಕಗಳು ಇದರಿಂದ ಹೊಸದಾಗಿ ತೆರೆದುಕೊಂಡಿವೆ.

ಉಪನ್ಯಾಸಗಳ ವಿಷಯದಲ್ಲಿ ಒಂದು ಸಲಹೆ. ಎಲ್ಲವನ್ನೂ ಕೇಳಲೇಬೇಕೆಂಬ ಹಟ ಬೇಡ. ಇತಿಹಾಸಕಾರರು, ಸಮಾಜಶಾಸ್ತ್ರಜ್ಞರು, ಕವಿಗಳು, ಸಂಗೀತಗಾರರು ಒಬ್ಬರ ಹಿಂದೆ ಒಬ್ಬರು ಮಾತನಾಡುವಾಗ ಮಧ್ಯಾಹ್ನದ ಹೊತ್ತಿಗೆ ತಲೆ ತುಂಬಿಹೋಗುತ್ತದೆ. ಊಟದ ನಂತರದ ಒಂದು ಗೋಷ್ಠಿಯನ್ನು ಬಿಟ್ಟು ಸಮೀಪದ ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘಕ್ಕೆ ಹೋಗಿಬನ್ನಿ. ಅಲ್ಲಿ ಕೈಮಗ್ಗದ ಬಟ್ಟೆಗೆ ನೈಸರ್ಗಿಕ ಬಣ್ಣ ಹಾಕುತ್ತಾರೆ. ಹಸಿ ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಚೊಗರಿನಿಂದ ಬರುವ ಕೆಂಗಂದು ಬಣ್ಣವನ್ನು ನಾನು ಮೊದಲು ಕಂಡದ್ದು ಅಲ್ಲೇ. ಅಲ್ಲಿ ಕೊಂಡ ಸೀರೆಯನ್ನು ಈಗಲೂ ಕಚೇರಿಗೆ ಉಡುತ್ತೇನೆ.

ಪುಸ್ತಕಗಳ ಬಗ್ಗೆ ಹೇಳದೆ ಮುಗಿಸಲಾರೆ. ಸುಬ್ಬಣ್ಣನವರೇ ಹುಟ್ಟುಹಾಕಿದ ಅಕ್ಷರ ಪ್ರಕಾಶನ ಇರುವುದು ಈ ಊರಿನಲ್ಲೇ. ದೊಡ್ಡ ಅಂಗಡಿಗಳಲ್ಲಿ ಅದರ ಹೊಸ ಪ್ರಕಟಣೆಗಳು ಸಿಗುತ್ತವೆ. ಹಳೆಯ ನಾಟಕಗಳ, ವಿಮರ್ಶೆಯ, ಅನುವಾದಗಳ ತೆಳ್ಳನೆಯ ಪುಸ್ತಕಗಳನ್ನು ಒಂದೆಡೆ ಕೈಯಲ್ಲಿ ಹಿಡಿದು ನೋಡಬೇಕೆಂದರೆ ಇಲ್ಲಿಗೇ ಬರಬೇಕು. ಬೆಳಿಗ್ಗೆ ಯಾರೋ ಪ್ರಸ್ತಾಪಿಸಿದ ಪುಸ್ತಕವನ್ನು ಚಹಾ ವಿರಾಮದಲ್ಲಿ ಹುಡುಕಿ ತೆಗೆದು, ಅದನ್ನು ಪ್ರಸ್ತಾಪಿಸಿದವರ ಬಳಿಯೇ ಹೋಗಿ ಯಾವ ಅಧ್ಯಾಯದಿಂದ ಶುರುಮಾಡಲಿ ಎಂದು ಕೇಳಬಹುದು. ಸುಬ್ಬಣ್ಣನವರ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ನನ್ನ ಕೈಗೆ ಬಂದದ್ದು ಹಾಗೆಯೇ. ಹಳಗನ್ನಡವೆಂದರೆ ದೂರ ಸರಿಯುತ್ತಿದ್ದ ನನಗೆ ಅದು ಸಾವಿರದ ನೂರಕ್ಕೂ ಹೆಚ್ಚು ವರ್ಷ ಹಿಂದಿನ ಗ್ರಂಥವೊಂದನ್ನು ಹತ್ತಿರಕ್ಕೆ ತಂದಿತು. ಮೊದಲ ದಿನವೇ ಚೀಲ ತುಂಬಿಸಬೇಡಿ. ಬೇಕಾದವುಗಳ ಪಟ್ಟಿ ದಿನದಿಂದ ದಿನಕ್ಕೆ ಬದಲಾಗುತ್ತದೆ, ನಾಲ್ಕನೆಯ ದಿನ ಕೊಳ್ಳುವ ಪುಸ್ತಕಗಳೇ ಬೇರೆ.

ವಸತಿ ಸರಳ, ಹಂಚಿಕೊಂಡು ಉಳಿಯಬೇಕು. ಒಂಟಿಯಾಗಿ ಮಲಗುವ ಅಭ್ಯಾಸವಿದ್ದವರು ಸಾಗರದಲ್ಲಿ ಕೋಣೆ ಹಿಡಿಯಬಹುದು, ಆದರೆ ರಾತ್ರಿ ನಾಟಕ ಮುಗಿದ ಮೇಲೆ ಸಾಲಾಗಿ ಹಾಸಿಕೊಂಡ ಹಾಸಿಗೆಗಳ ಮೇಲೆ ನಡೆಯುವ ಮಾತುಕತೆ ಅವರಿಗೆ ಸಿಗುವುದಿಲ್ಲ. ಕಲಬುರಗಿಯ ಶಾಲಾ ಶಿಕ್ಷಕಿ, ಕುಂದಾಪುರದ ದಾದಿ, ನಾನು ಮೂವರೂ ಅಂಥ ಒಂದು ರಾತ್ರಿ ಪರಿಚಯವಾದವರು. ಈಗ ತಿಂಗಳಿಗೊಂದು ಪುಸ್ತಕ ಆರಿಸಿಕೊಂಡು ಓದಿ, ಭಾನುವಾರ ಫೋನಿನಲ್ಲಿ ಚರ್ಚಿಸುತ್ತೇವೆ. ಊಟಕ್ಕೆ ಅನ್ನ, ಸಾರು, ಪಲ್ಯ. ಒಂದು ಮಧ್ಯಾಹ್ನ ಬಡಿಸಿದ ಒಂದೆಲಗದ ತಂಬುಳಿಯ ರುಚಿ ಮರೆಯಲಾಗದು.

ಹೋಗುವವರು ರೈಲಿನಲ್ಲಿ ಹೋಗುವುದು ಮೇಲು. ಮೈಸೂರು, ಬೆಂಗಳೂರು ಕಡೆಯಿಂದ ತಾಳಗುಪ್ಪಕ್ಕೆ ಹೋಗುವ ರೈಲುಗಳು ಸಾಗರ ಜಂಬಗಾರು ನಿಲ್ದಾಣದಲ್ಲಿ ನಿಲ್ಲುತ್ತವೆ. ಒಮ್ಮೆ ಖಾಸಗಿ ಬಸ್ಸೊಂದನ್ನು ನಂಬಿ ಹೊರಟು, ಅದು ದಾರಿಯಲ್ಲಿ ಕೆಟ್ಟು ನಿಂತು ಉದ್ಘಾಟನೆ ಗೋಷ್ಠಿಯನ್ನೇ ಕಳೆದುಕೊಂಡೆ. ಸಾಗರದಿಂದ ಹೆಗ್ಗೋಡಿಗೆ ಬಸ್ಸು, ಆಟೊ ಸಿಗುತ್ತವೆ. ಮಳೆ ಪೂರ್ತಿ ಹಿಂದೆ ಸರಿದಿರುವುದಿಲ್ಲ, ಕೊಡೆ ಇರಲಿ. ಒಂದು ದಿನ ಹೆಚ್ಚು ಇದ್ದರೆ ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನೂ ಕೆಳದಿಯನ್ನೂ ನೋಡಿಕೊಂಡು ಬನ್ನಿ.

ಭಾಗವಹಿಸಲು ಮೊದಲೇ ಅರ್ಜಿ ಹಾಕಬೇಕು. ಆಗಸ್ಟ್ ಬಂತೆಂದರೆ ಪತ್ರಿಕೆಗಳಲ್ಲಿ ಪ್ರಕಟಣೆಗಾಗಿ ಕಣ್ಣಿಡಿ, ಸಂಸ್ಥೆಯ ಜಾಲತಾಣವನ್ನೂ ನೋಡುತ್ತಿರಿ. ಅರ್ಜಿಯಲ್ಲಿ ನಿಮ್ಮ ಬಗ್ಗೆ ಬರೆಯುವಾಗ ಪ್ರಶಸ್ತಿ, ಪದವಿಗಳಿಲ್ಲವೆಂದು ಹಿಂಜರಿಯಬೇಡಿ. ನಾನು ಓದುವವಳು ಎಂದಷ್ಟೇ ಬರೆದಿದ್ದೆ, ಇತ್ತೀಚೆಗೆ ಓದಿದ ಕೆಲವು ಪುಸ್ತಕಗಳ ಹೆಸರು ಸೇರಿಸಿದ್ದೆ. ಅಷ್ಟೇ ಸಾಕಾಯಿತು.