ಹೈಬ್ರಿಡ್, ಪ್ಲಗ್-ಇನ್, ಎಲೆಕ್ಟ್ರಿಕ್: ಮೂರನ್ನೂ ಓಡಿಸಿ ನೋಡಿದ ಮೇಲೆ

ಐದು ತಿಂಗಳಾದ ಮೇಲೆ ಪೆಟ್ರೋಲ್ ಬಂಕಿಗೆ ಹೋಗಿದ್ದೆ. ಹುಡುಗ ಪೈಪ್ ಹಿಡಿದು ನಿಂತಿದ್ದಾನೆ, ಟ್ಯಾಂಕಿನ ಮುಚ್ಚಳ ಮಾತ್ರ ತೆರೆಯುತ್ತಿಲ್ಲ. ಒಳಗಿನಿಂದ ಗುಂಡಿ ಒತ್ತಿದೆ, ಇಳಿದು ಹೋಗಿ ಉಗುರಿನಿಂದ ಎಬ್ಬಿಸಲು ನೋಡಿದೆ, ಮತ್ತೆ ಬಂದು ಒತ್ತಿದೆ. ಹಿಂದಿನವರ ಹಾರ್ನ್ ಶುರುವಾಯಿತು. ಕೊನೆಗೆ ಕಣ್ಣಿಗೆ ಬಿತ್ತು: ಸ್ಟಿಯರಿಂಗ್ ಹಿಂದಿನ ಸ್ಕ್ರೀನಿನ ಮೂಲೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, 'ಕಾಯಿರಿ' ಎಂದಿದೆ. ಕಾದೆ. ಹತ್ತು ಹದಿನೈದು ಸೆಕೆಂಡಿಗೆ ಬುಸ್ ಎಂದು ಸಣ್ಣ ಸದ್ದಾಗಿ ಮುಚ್ಚಳ ಬಿಚ್ಚಿಕೊಂಡಿತು. ಬಂಕಿನ ಹುಡುಗ ನನ್ನ ಮುಖ ನೋಡಿದ ರೀತಿಗೆ, ಕದ್ದ ಕಾರು ಅಂದುಕೊಂಡನೋ ಏನೋ.

ಇಷ್ಟಾದರೂ ನನ್ನ ವೋಟು ಪ್ಲಗ್-ಇನ್ ಹೈಬ್ರಿಡ್‌ಗೇ, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ವೈರ್ ಚುಚ್ಚಿ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರಿಗೆ. ಆರು ವರ್ಷ, ವೈರ್ ಚುಚ್ಚುವ ಗೋಜಿಲ್ಲದ ಮಾಮೂಲಿ ಹೈಬ್ರಿಡ್ ಓಡಿಸಿದ್ದೇನೆ, ಪ್ಲಗ್-ಇನ್ ಬಂದು ಎರಡು ವರ್ಷವಾಯಿತು, ನಡುವೆ ಬಂಪರ್ ರಿಪೇರಿಗೆ ಬಿಟ್ಟಾಗ ತಮ್ಮನ ಪೂರ್ತಿ ಎಲೆಕ್ಟ್ರಿಕ್ ಕಾರನ್ನು ಹನ್ನೆರಡು ದಿನ ಇಟ್ಟುಕೊಂಡಿದ್ದೆ. ಹೋಲಿಸುತ್ತಿರುವುದು ಈ ಮೂರನ್ನೇ.

ಮೊದಲು ಆ ಮುಚ್ಚಳದ ಕಥೆ ಮುಗಿಸುತ್ತೇನೆ, ಯಾಕೆಂದರೆ ಶೋರೂಮಿನಲ್ಲಿ ಯಾರೂ ಇದನ್ನು ಹೇಳಲಿಲ್ಲ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಟ್ಯಾಂಕಿನಿಂದ ಏಳುವ ಆವಿ ಇದ್ದಿಲು ತುಂಬಿದ ಒಂದು ಡಬ್ಬಿಯಲ್ಲಿ ಸೇರಿಕೊಳ್ಳುತ್ತದೆ, ಎಂಜಿನ್ ಓಡುವಾಗ ಅದನ್ನು ಎಳೆದುಕೊಂಡು ಸುಡುತ್ತದೆ. ಪ್ಲಗ್-ಇನ್ ಕಾರಿನಲ್ಲಿ ಎಂಜಿನ್ ವಾರಗಟ್ಟಲೆ ಏಳದೇ ಇರಬಹುದು. ಡಬ್ಬಿ ತುಂಬಿದರೆ ಆವಿ ಹೊರಗೆ ಸೋರುತ್ತದೆ. ಅದಕ್ಕೇ ಇಂಥ ಕಾರುಗಳಲ್ಲಿ ಟ್ಯಾಂಕನ್ನೇ ಬಿಗಿಯಾಗಿ ಮುಚ್ಚಿ, ಆವಿಯನ್ನು ಒತ್ತಡದಲ್ಲಿ ಒಳಗೇ ಹಿಡಿದಿಡುತ್ತಾರೆ. ಗುಂಡಿ ಒತ್ತಿದ ಮೇಲೆ ಒತ್ತಡ ಇಳಿಯಬೇಕು, ಆಮೇಲಷ್ಟೇ ಮುಚ್ಚಳ. ಬಿಸಿಲಲ್ಲಿ ನಿಂತಿದ್ದ ದಿನ ಇನ್ನೂ ಹೆಚ್ಚು ಹೊತ್ತು ಕಾಯಿಸಿದೆ.

ಇದರ ಬೆನ್ನಿಗೇ ಇನ್ನೊಂದು ತಲೆನೋವು. ಪೆಟ್ರೋಲ್ ಇಟ್ಟಷ್ಟು ದಿನ ಕೆಡದೇ ಇರುವ ವಸ್ತುವಲ್ಲ. 2010ರ ಕೊನೆಗೆ ಮಾರಾಟಕ್ಕೆ ಬಂದ ಷೆವ್ರೊಲೆ ವೋಲ್ಟ್ ಎಂಬ ಪ್ಲಗ್-ಇನ್ ಕಾರೇ, ಟ್ಯಾಂಕಿನ ಪೆಟ್ರೋಲಿಗೆ ವರ್ಷ ತುಂಬಿತು ಎಂದು ಲೆಕ್ಕ ಹಾಕಿ, ಬ್ಯಾಟರಿ ಫುಲ್ ಇದ್ದರೂ ಎಂಜಿನ್ ಓಡಿಸಿ ಹಳೆಯದನ್ನು ಖಾಲಿ ಮಾಡುತ್ತಿತ್ತು. ನನ್ನದೂ ಆಗಾಗ ಹೀಗೆ ತಾನಾಗಿ ಏಳುತ್ತದೆ. ಮುಂಜಾನೆ ಐದೂವರೆಗೆ, ಇಡೀ ಬೀದಿ ಮಲಗಿರುವಾಗ, ಸದ್ದಿಲ್ಲದೆ ಗೇಟು ದಾಟುವ ಹೊತ್ತಿಗೆ ಗುರ್ ಎಂದು ಎಂಜಿನ್ ಶುರುವಾದರೆ ಎಷ್ಟು ಸಿಟ್ಟು ಬರುತ್ತದೆ! ಚಳಿ ಎಂದು ಹೀಟರ್ ಹಾಕಿದರೂ ಅದೇ ಗತಿ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಅದೇ. ಎಲ್ಲ ಪ್ಲಗ್-ಇನ್‌ಗಳೂ ಹೀಗಲ್ಲ, ಹೀಟರಿಗೆ ಬ್ಯಾಟರಿಯನ್ನೇ ಬಳಸುವ ಕಾರುಗಳೂ ಇವೆ. ಕೊಳ್ಳುವ ಮುಂಚೆ ಕೇಳಿ. ನಾನು ಕೇಳಲಿಲ್ಲ. ಈಗ ಟ್ಯಾಂಕ್ ಫುಲ್ ಮಾಡಿಸುವುದನ್ನೇ ಬಿಟ್ಟಿದ್ದೇನೆ, ಅರ್ಧ ತುಂಬಿಸಿದರೆ ಬೇಗ ಮುಗಿಯುತ್ತದೆ, ಹೊಸದು ಬೀಳುತ್ತದೆ.

ಹಾಗಾದರೆ ಇಷ್ಟ ಯಾಕೆ? ಆಫೀಸಿಗೆ ಹೋಗಿ ಬರಲು 38 ಕಿ.ಮೀ. ಬ್ಯಾಟರಿ 13 ಯೂನಿಟ್‌ನದು, ಎ.ಸಿ. ಹಾಕಿಕೊಂಡು 45 ಕಿ.ಮೀ. ಆರಾಮಾಗಿ ಬರುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಎಂಜಿನ್ ಇದೆ ಎಂಬುದೇ ಮರೆತುಹೋಗಿರುತ್ತದೆ. ರಾತ್ರಿ ಹತ್ತಕ್ಕೆ ವೈರ್ ಚುಚ್ಚುತ್ತೇನೆ, ಮಾಮೂಲಿ ಪ್ಲಗ್ಗಿನಲ್ಲೇ 10 ಆಂಪ್‌ಗೆ ಗಂಟೆಗೆ ಎರಡು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಹತ್ತುತ್ತದೆ, ಬೆಳಗ್ಗೆ ನಾಲ್ಕರೊಳಗೆ ಫುಲ್.

ಚಾರ್ಜಿಂಗ್ ಬಗ್ಗೆ ಒಂದು ಎಚ್ಚರಿಕೆ. ಮೊದಲ ವಾರ ಮನೆಯಲ್ಲಿದ್ದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದ್ದೆ. ಮೂರನೇ ರಾತ್ರಿ ನೀರು ಕುಡಿಯಲು ಎದ್ದವನಿಗೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಬಾಕ್ಸ್ ಮುಟ್ಟಲಾಗದಷ್ಟು ಬಿಸಿ, ಒಂದು ತೂತಿನ ಸುತ್ತ ಕಂದು ಬಣ್ಣ. ಇಸ್ತ್ರಿಪೆಟ್ಟಿಗೆಯೂ ಅಷ್ಟೇ ಕರೆಂಟ್ ಎಳೆಯಬಹುದು, ಆದರೆ ಐದಾರು ಗಂಟೆ ಬಿಡದೆ ಎಳೆಯುವುದಿಲ್ಲ. ಸಡಿಲ ಪಿನ್ ಇದ್ದರೆ ಅಲ್ಲೇ ಬಿಸಿಯೇರುತ್ತದೆ. ಮಾರನೇ ದಿನವೇ ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಬೋರ್ಡಿನಿಂದ ಬೇರೆ ಲೈನ್, 16 ಆಂಪ್ ಸಾಕೆಟ್, ಅದಕ್ಕೇ ಒಂದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದೆ. ಈ ಖರ್ಚನ್ನು ಕಾರಿನ ಬೆಲೆಗೇ ಸೇರಿಸಿಕೊಳ್ಳಿ.

ಹಳೆಯ ಹೈಬ್ರಿಡ್ ಬಗ್ಗೆ ದೂರಲು ಏನೂ ಸಿಗುತ್ತಿಲ್ಲ. ಪುಟ್ಟ ಬ್ಯಾಟರಿ, ಒಂದೂಕಾಲು ಯೂನಿಟ್ ಇದ್ದೀತು. ಬ್ರೇಕ್ ಒತ್ತಿದಾಗಲೂ ಎಂಜಿನ್ ಓಡುವಾಗಲೂ ತಾನೇ ತುಂಬಿಕೊಳ್ಳುತ್ತದೆ. ವೈರ್ ಇಲ್ಲ, ಗುಂಡಿ ಇಲ್ಲ, ಕಾಯುವುದಿಲ್ಲ. ಟ್ರಾಫಿಕ್ಕಿನಲ್ಲಿ ಲೀಟರಿಗೆ 22 ಕೊಟ್ಟಿತು, ಆರು ವರ್ಷವೂ ಕೊಟ್ಟಿತು. ಮಾರಿದ್ದು ಬೇಜಾರಾಗಿ ಅಲ್ಲ, ದಿನಾ ಅಷ್ಟು ಹತ್ತಿರದ ಓಡಾಟಕ್ಕೂ ಪೆಟ್ರೋಲ್ ಸುಡುವುದು ಸಾಕೆನಿಸಿ.

ತಮ್ಮನ ಎಲೆಕ್ಟ್ರಿಕ್ ಕಾರು ಓಡಿಸಲು ಮೂರರಲ್ಲೂ ಚೆಂದ. ಆಯಿಲ್ ಬದಲಿಸುವ ಗೋಜಿಲ್ಲ. (ನನ್ನದರಲ್ಲಿ ಎಂಜಿನ್ ಓಡಲಿ ಬಿಡಲಿ, ವರ್ಷಕ್ಕೊಮ್ಮೆ ಬದಲಿಸಲೇಬೇಕು.) ಊರೊಳಗೆ ಒಂದು ಮಾತೂ ಇಲ್ಲ. ಅದರಲ್ಲಿ 400 ಕಿ.ಮೀ. ದೂರದ ಮದುವೆಗೆ ಹೊರಟ ದಿನ ಮಾತ್ರ ಎರಡು ಚಾರ್ಜರ್ ಇದ್ದ ಕಡೆ ಒಂದು ಕೆಟ್ಟಿತ್ತು, ಇನ್ನೊಂದರ ಮುಂದೆ ಇಬ್ಬರು ಕಾಯುತ್ತಿದ್ದರು. ನಮ್ಮ ಸರದಿ ಬಂದ ಮೇಲೆ 80 ಪರ್ಸೆಂಟ್‌ವರೆಗೆ ಬೇಗ ಏರಿತು, ಅಲ್ಲಿಂದಾಚೆ ಆಮೆ ನಡಿಗೆ. ಮುಹೂರ್ತ ಮುಗಿದ ಮೇಲೆ ಊಟಕ್ಕೆ ಸರಿಯಾಗಿ ತಲುಪಿದೆವು. ತಮ್ಮ ಇದನ್ನೆಲ್ಲ ಮೊದಲೇ ಲೆಕ್ಕ ಹಾಕಿ, ಆ್ಯಪ್ ನೋಡಿಕೊಂಡು ಹೊರಡುವವನು, ಅವನಿಗೆ ಸರಿ. ನಾನು ಚಪ್ಪಲಿ ಮೆಟ್ಟಿದ ಮೇಲೆ ದಾರಿ ಯೋಚಿಸುವ ಜಾತಿ.

ಎರಡು ದೋಣಿಯ ಮೇಲೆ ಕಾಲಿಟ್ಟವನು ಎಂದು ಅವನು ನನ್ನನ್ನು ಛೇಡಿಸುತ್ತಾನೆ. ತಪ್ಪೇನಿಲ್ಲ. ಎರಡರ ಭಾರವನ್ನೂ ಹೊತ್ತ ಕಾರು ಇದು. ಡಿಕ್ಕಿಯ ತಳ ಮೇಲೆ ಬಂದಿದೆ, ವೈರಿನ ಬ್ಯಾಗ್ ಇಟ್ಟರೆ ಉಳಿಯುವುದು ಎರಡು ಸೂಟ್‌ಕೇಸ್ ಜಾಗ.

ಆ ಭಾರದ ಬೆಲೆ ಗೊತ್ತಾಗಿದ್ದು ಭಾವ ಮೂರು ವಾರ ಕಾರು ಒಯ್ದಾಗ. ವಾಪಸ್ ಬಂದಾಗ ವೈರಿನ ಬ್ಯಾಗಿನ ಜಿಪ್ಪು ನಾನು ಎಳೆದಿಟ್ಟ ಹಾಗೇ ಇತ್ತು. ಒಂದು ದಿನವೂ ಚುಚ್ಚಿರಲಿಲ್ಲ. ಮೈಲೇಜ್ ಲೀಟರಿಗೆ 17, ನನ್ನ ಹಳೆಯ ಹೈಬ್ರಿಡ್‌ಗಿಂತ ಐದು ಕಡಿಮೆ. ಖಾಲಿ ಬ್ಯಾಟರಿಯನ್ನು ಸುಮ್ಮನೆ ಊರೆಲ್ಲ ಹೊತ್ತು ತಿರುಗಿಸಿದ್ದರು. ಸಾಲದ್ದಕ್ಕೆ ಎಂಜಿನ್ನಿನಿಂದಲೇ ಬ್ಯಾಟರಿ ತುಂಬಿಸುವ ಗುಂಡಿಯನ್ನೂ ಒತ್ತಿಟ್ಟಿದ್ದರು, ಅದು ಪೆಟ್ರೋಲ್ ಸುರಿದು ಕರೆಂಟ್ ಮಾಡುವ ದುಬಾರಿ ದಾರಿ. ಭಾವನಂಥವರು ಬಹಳ ಇದ್ದಾರೆ. ಯುರೋಪಿನಲ್ಲಿ 2021ರಲ್ಲಿ ನೋಂದಣಿಯಾದ ಕಾರುಗಳೊಳಗಿನ ಮೀಟರ್‌ಗಳಿಂದಲೇ ಲೆಕ್ಕ ತೆಗೆದು, ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಕೊಟ್ಟಿತು: ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಉಗುಳುವ ಇಂಗಾಲದ ಡೈಆಕ್ಸೈಡ್, ಲ್ಯಾಬ್ ಪರೀಕ್ಷೆಯಲ್ಲಿ ಬಂದ ಅಂಕಿಯ ಸರಾಸರಿ ಮೂರೂವರೆ ಪಟ್ಟು. ಅದಕ್ಕೆ ದೊಡ್ಡ ಕಾರಣ, ಜನ ಲ್ಯಾಬಿನವರು ಊಹಿಸಿದಷ್ಟು ಚಾರ್ಜ್ ಮಾಡಿ ಓಡಿಸದೇ ಇರುವುದು.

ದುಡ್ಡಿನ ವಿಷಯಕ್ಕೆ ಬಂದರೆ, ಮಾಮೂಲಿ ಹೈಬ್ರಿಡ್‌ಗಿಂತ ಹೆಚ್ಚಿಗೆ ಕೊಟ್ಟಿದ್ದು ಪೆಟ್ರೋಲ್ ಉಳಿತಾಯದಲ್ಲಿ ವಾಪಸ್ ಬರಲು ನನ್ನ ಓಡಾಟಕ್ಕೆ ಸುಮಾರು ಐದು ವರ್ಷ ಬೇಕು. ನಾನು ಕಾರನ್ನು ಎಂಟು ವರ್ಷವಾದರೂ ಇಟ್ಟುಕೊಳ್ಳುವವನು, ಮನೆ ಬಾಗಿಲಲ್ಲೇ ನಿಲ್ಲಿಸಲು ಜಾಗವಿದೆ, ಎರಡನೇ ಕಾರಿಗೆ ಬಜೆಟ್ ಇಲ್ಲ. ಎರಡು ಕಾರು ಇಡುವ ಶಕ್ತಿ ಇದ್ದಿದ್ದರೆ ಒಂದು ಎಲೆಕ್ಟ್ರಿಕ್ಕೇ ಆಗಿರುತ್ತಿತ್ತು.

ಹೋದ ವಾರ ಭಾವ ಫೋನ್ ಮಾಡಿದ್ದರು. "ನಿನ್ನ ಕಾರು ನನಗೆ ಬಹಳ ಹಿಡಿಸಿತು ಕಣೋ, ಅದೇ ಮಾಡೆಲ್ ಬುಕ್ ಮಾಡೋಣ ಅಂತಿದ್ದೀನಿ" ಎಂದರು. ಅವರ ಕಾರು ನಿಲ್ಲುವುದು ಬೇಸ್‌ಮೆಂಟಿನಲ್ಲಿ, ಹತ್ತಿರದ ಪ್ಲಗ್ ಪಾಯಿಂಟ್ ಇರುವುದು ಲಿಫ್ಟ್ ಪಕ್ಕ.

"ಭಾವ, ನೀವು ಮಾಮೂಲಿ ಹೈಬ್ರಿಡ್ ತಗೊಳ್ಳಿ" ಎಂದೆ.